ಹನ್ನೊಂದು ಕಾರ್ಕ್‌ಗಳ ರಾತ್ರಿ

ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೆ ಮೊದಲು ಅದನ್ನೇ ಹೇಳಿಬಿಡುತ್ತೇನೆ. ನಾನು ಚೆನ್ನಾಗಿದ್ದೇನೆ. ಸೋಮವಾರದ ರಿಪೋರ್ಟ್ ಕೂಡ ಚೆನ್ನಾಗಿಯೇ ಬಂದಿದೆ. ಕ್ಯಾನ್ಸರ್ ಟ್ರೀಟ್‌ಮೆಂಟಿನ ಈ ಹತ್ತು ತಿಂಗಳ ಕಥೆ ನಿಮಗೆ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ.

ಟ್ರೀಟ್‌ಮೆಂಟ್ ಮುಗಿಯಿತು ಅಂತ ಇಂಗ್ಲೆಂಡಿನ ಲೀಡ್ಸ್‌ನ ನಮ್ಮ ಕನ್ನಡದ ಗುಂಪು ದುಡ್ಡು ಸೇರಿಸಿ, ಲೇಕ್ ಡಿಸ್ಟ್ರಿಕ್ಟ್‌ನ ಅಲ್ಸ್‌ವಾಟರ್ ಸರೋವರದ ಹತ್ತಿರ ಒಂದು ಬಂಗಲೆ ಹೋಟೆಲಿನಲ್ಲಿ ನಮಗೆ ಎರಡು ರಾತ್ರಿ ಬುಕ್ ಮಾಡಿಕೊಟ್ಟಿತ್ತು. ಅಡುಗೆ ಕಳಿಸಿದವರು, ಮಗಳನ್ನು ಸ್ಕೂಲಿಗೆ ಬಿಟ್ಟವರು, ಸುಮ್ನೆ ಬಂದು ಕೂತು ಹೋದವರು, ನಿಮಗೆಲ್ಲ ಥ್ಯಾಂಕ್ಸ್. ಗಂಡನಿಗೆ ಮನೆಯಲ್ಲೇ ಹೇಳಿದ್ದಾಗಿದೆ.

ಊರಾಚೆಯ ದೊಡ್ಡ ಮನೆಯನ್ನೇ ಹೋಟೆಲ್ ಮಾಡುವ ಪದ್ಧತಿಗೆ ಈ ಸರೋವರದ ದಂಡೆಯೇ ತವರು ಅಂತಾರೆ. 1948ರಲ್ಲಿ, ಇನ್ನೂ ರೇಷನ್ ಇದ್ದ ಕಾಲದಲ್ಲಿ, ಶ್ಯಾರೋ ಬೇ ಹೋಟೆಲ್ ಶುರುವಾದದ್ದು ಇಲ್ಲಿಯೇ. ನಾವು ಇದ್ದದ್ದು ಅದಲ್ಲ, ಇನ್ನೊಂದು. ಕೋಣೆಯಲ್ಲಿ ಬೆಂಕಿಗೂಡು, ಕಿಟಕಿ ಪಕ್ಕದಲ್ಲೇ ಸ್ನಾನದ ತೊಟ್ಟಿ. ಬಾಡಿಗೆ ಎಷ್ಟು ಅಂತ ಅಮ್ಮ ಮೂರು ಸಲ ಕೇಳಿದಳು. ನಾವು ಹೇಳಲಿಲ್ಲ.

ಅವತ್ತು 2021ರ ನವೆಂಬರ್ 26, ಆರ್ವೆನ್ ಬಿರುಗಾಳಿ ಬಂದ ದಿನ. ಕೆಂಪು ಎಚ್ಚರಿಕೆ ಪೂರ್ವ ಕರಾವಳಿಗೆ, ನಮಗಲ್ಲ ಅಂದುಕೊಂಡು ಹೊರಟವರು ನಾವೇ. ರಾತ್ರಿ ಕರೆಂಟ್ ಹೋಯಿತು. ಮೊಬೈಲ್ ಸಿಗ್ನಲ್ ಹೋಯಿತು. ಎರಡು ಗಂಟೆಗೆ ನನಗೆ ಚಳಿಜ್ವರ ಬಂತು. ಸೋಂಕು ತಡೆಯುವ ಶಕ್ತಿ ಕುಗ್ಗಿದ್ದ ನನ್ನ ಸ್ಥಿತಿಯಲ್ಲಿ ಜ್ವರ ಅಂದರೆ ಜೀವಕ್ಕೇ ಅಪಾಯ.

ಈಗ ಹೋಟೆಲಿನ ನೈಟ್ ಪೋರ್ಟರ್, ಅಂದರೆ ರಾತ್ರಿ ಪಾಳಿಯ ಕೆಲಸದವರ ವಿಷಯ. ಹೆಸರು ಹಾಕಬೇಡಿ ಅಂದಿದ್ದಾರೆ. ವಯಸ್ಸು ಅರವತ್ತು ದಾಟಿದೆ. ಅಮ್ಮ ಅವರನ್ನು ಈಗಲೂ 'ಯಜಮಾನ್ರು' ಅಂತಲೇ ಕರೆಯುತ್ತಾಳೆ. ಆಫೀಸಿನಲ್ಲಿ ಒಂದು ಹಳೇ ವೈರ್ ಫೋನ್ ಇತ್ತು, ಅದಕ್ಕೆ ಕರೆಂಟ್ ಬೇಕಿಲ್ಲ. ಅದರಿಂದ ಅವರೇ ಆಸ್ಪತ್ರೆಗೆ ಮಾಡಿದರು. ರಸ್ತೆಗೆ ಮರ ಬಿದ್ದು ಆಂಬುಲೆನ್ಸ್ ಬರುವ ಹಾಗಿರಲಿಲ್ಲ. ಅರ್ಧ ಗಂಟೆಗೊಮ್ಮೆ ಜ್ವರ ನೋಡಿ ಫೋನ್ ಮಾಡಿ ಅಂದರು ನರ್ಸ್. ಕೆಳಗಿನ ಹಾಲ್‌ನಲ್ಲಿ ಬೆಂಕಿ ದೊಡ್ಡದು ಮಾಡಿ, ಸೋಫಾ ಎಳೆದು, ನನ್ನನ್ನು ಮಲಗಿಸಿದರು. ಪ್ರತಿ ಸಲ ಫೋನ್ ಮಾಡಿ ಬಂದಾಗ ಮೇಜಿನ ಮೇಲೆ ಒಂದು ವೈನ್ ಕಾರ್ಕ್ ಇಡುತ್ತಿದ್ದರು.

ಅದು ಕುರಿ ಎಣಿಸುವ ಲೆಕ್ಕವಂತೆ. ಇಲ್ಲಿನ ಹಳೇ ಕುರುಬರು 'ಯಾನ್, ಟ್ಯಾನ್, ಟೆದೆರಾ, ಮೆದೆರಾ, ಪಿಂಪ್' ಅಂತ ಇಪ್ಪತ್ತರ ತನಕ ಎಣಿಸಿ ಒಂದು ಕಲ್ಲು ಎತ್ತಿಡುತ್ತಿದ್ದರಂತೆ. ಅವರದೂ ಕುರಿ ಸಾಕುವ ಮನೆ. ಇಲ್ಲಿನ ಹರ್ಡ್‌ವಿಕ್ ತಳಿಯ ಮರಿಗಳು ಹುಟ್ಟುವಾಗ ಕಪ್ಪು, ಬೆಳೆಯುತ್ತಾ ಬೂದು. ನನ್ನ ಗಂಡ ಅದನ್ನು ಕನ್ನಡದಲ್ಲಿ ಹೇಳಿದಾಗ, "ನಮ್ಮ ಕೂದಲಿನ ಹಾಗೆ" ಅಂದಳು ಅಮ್ಮ. ಅಂದವಳು ನನ್ನ ಟೋಪಿ ನೋಡಿ ಸುಮ್ಮನಾದಳು.

ನಾಲ್ಕೂವರೆಗೆ ಜ್ವರ ಇನ್ನೂ ಏರಿತು. ನಾನು ಅಳಲಿಲ್ಲ, ಅಮ್ಮನ ಮೇಲೆ ರೇಗಿದೆ. "ನೀನು ಬರಲೇಬಾರದಿತ್ತು. ಇದನ್ನು ನೋಡೋಕೆ ಅಷ್ಟು ದೂರದಿಂದ ಬಂದೆಯಾ?" ಅಂದೆ. ಈ ಹತ್ತು ತಿಂಗಳಲ್ಲಿ ಯಾರಿಗೂ ಕಾಣಿಸದ ಹಾಗೆ ಇಟ್ಟಿದ್ದ ಸಿಟ್ಟೆಲ್ಲ ಅವಳ ಮೇಲೆ ಹೋಯಿತು. ಯಜಮಾನ್ರಿಗೆ ಕನ್ನಡ ಒಂದಕ್ಷರ ಬರುವುದಿಲ್ಲ. ಎದ್ದು ಬಂದು ಲಾಟೀನನ್ನು ಆಚೆ ಸರಿಸಿದರು, ನನ್ನ ಮುಖ ಕತ್ತಲಲ್ಲಿ ಇರಲಿ ಅಂತ. ಆಮೇಲೆ ಅಮ್ಮನನ್ನು ಕರೆದುಕೊಂಡು ಹೋಗಿ ಅಡುಗೆಮನೆಯ ಗ್ಯಾಸ್ ಒಲೆ ತೋರಿಸಿದರು. ಅಮ್ಮ ತೀರ್ಥಹಳ್ಳಿಯವಳು. ಮಳೆ, ಗಾಳಿ, ಕರೆಂಟ್ ಇಲ್ಲದ ರಾತ್ರಿ ಅವಳಿಗೆ ಹೊಸತಲ್ಲ. ಬ್ಯಾಗಿನಲ್ಲಿದ್ದ ಮೆಣಸು, ಜೀರಿಗೆ ಕುದಿಸಿ ಮೂರು ಕಪ್ ಕಷಾಯ ತಂದಳು. ಅವರೂ ಕುಡಿದರು. ಕೆಮ್ಮಿದರು, ಆದರೂ ಬಿಡದೆ ಕುಡಿದರು.

ಹೊರಗೆ ಮರ ಮುರಿಯುವ ಸದ್ದು ನಿಂತಿರಲಿಲ್ಲ. ಇಲ್ಲಿನ ಮರಗಳಿಗೆ ಪಶ್ಚಿಮದ ಗಾಳಿ ಅಭ್ಯಾಸ, ಬೇರು ಹಿಡಿದಿರುವುದೂ ಅದಕ್ಕೇ, ಇದು ಉತ್ತರದಿಂದ ಬರುತ್ತಿದೆ ಅಂದರು. ನಾನು ಅದನ್ನು ಕೇಳುತ್ತಲೇ ನಿದ್ದೆ ಹೋದೆನಂತೆ.

ಏಳೂವರೆಗೆ ಹನ್ನೊಂದನೇ ಕಾರ್ಕ್. ಬೆಳಕಾದ ಮೇಲೆ ನನ್ನ ಗಂಡ ಮತ್ತು ತೋಟದವರು ಗರಗಸ ಹಿಡಿದು ರಸ್ತೆ ಬಿಡಿಸಿದರು. ಆಮೇಲೆ ಆಂಬುಲೆನ್ಸ್ ಬಂತು. ಯಜಮಾನ್ರ ಪಾಳಿ ಏಳಕ್ಕೇ ಮುಗಿದಿತ್ತು. ಅವರ ಕುರಿಗಳು ರಾತ್ರಿಯಿಡೀ ಗುಡ್ಡದ ಮೇಲೆಯೇ ಇದ್ದವು ಅಂತ ಆಂಬುಲೆನ್ಸ್ ಹತ್ತುವಾಗ ಬೇರೆ ಯಾರೋ ಹೇಳಿದರು. ಕುರಿ ಎಲ್ಲ ಸಿಕ್ಕವಾ ಅಂತ ಆಸ್ಪತ್ರೆಯಿಂದ ಫೋನ್ ಮಾಡಿ ಕೇಳಿದೆ. "ಎರಡು ಕಡಿಮೆ" ಅಂದರು, ಅಷ್ಟೇ. ನನಗೆ ಮಾತು ಹೊರಡಲಿಲ್ಲ. ಜ್ವರ ಎಷ್ಟಿದೆ ಅಂತ ಅವರೇ ಕೇಳಿದರು.

ಅಮ್ಮ ಅವರಿಗೆ ಒಂದು ಬಾಟಲಿ ಚಟ್ನಿಪುಡಿ ಕಳಿಸಿದ್ದಾಳೆ. ಚೀಸ್ ಜೊತೆ ತಿನ್ನುತ್ತಿದ್ದಾರಂತೆ. ಹನ್ನೊಂದು ಕಾರ್ಕ್ ಅಮ್ಮನ ಸೂಟ್‌ಕೇಸಿನಲ್ಲಿ, ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿಕೊಂಡು ಕೂತಿವೆ. ಬೆಂಗಳೂರಲ್ಲಿ ಕಸ್ಟಮ್ಸ್‌ನವರು ಇದೇನು ಅಂತ ಕೇಳಿದರೆ ಏನಮ್ಮ ಹೇಳ್ತೀಯ ಅಂದೆ.

"ಕುರಿ ಲೆಕ್ಕ ಅಂತೀನಿ" ಅಂದಳು.