ನಾಯಿ ನೋಡಿ ವರ್ಷ ಹೇಳುತ್ತೇವೆ

ಸಂಪಾದಕರಿಗೆ ನಮಸ್ಕಾರ.

ಭಾನುವಾರ ಸುತ್ತಾಡಿ ಬಂದ ಓದುಗರ ಫೋಟೊಗಳನ್ನು ನೀವು ಸೋಮವಾರದ ಪುಟದಲ್ಲಿ ಹಾಕುತ್ತೀರಿ. ಅದನ್ನು ಟೀಕಿಸಿ ಹೋದ ವಾರ ಒಬ್ಬರು ಪತ್ರ ಬರೆದಿದ್ದರು. ಯಾರೋ ತಮ್ಮ ನೆಂಟರ ಜೊತೆ, ನಾಯಿ ಜೊತೆ ಹೊಳೆ ದಂಡೆಗೆ ಹೋದರೆ ನಮಗೇನಾಗಬೇಕು ಅಂತ ಅವರ ಪ್ರಶ್ನೆ. ನಾನು ಆ ಪುಟವನ್ನು ತಪ್ಪದೆ ನೋಡುವವಳು. ಫೋಟೊ ಹಾಕುವುದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಕೆಳಗಿನ ಅಡಿಬರಹದ ಬಗ್ಗೆ.

ಹೋದ ಸೋಮವಾರ ಆರು ಫೋಟೊ ಇದ್ದವು. ನಾಲ್ಕರ ಕೆಳಗೆ 'ಪ್ರಕೃತಿಯ ಮಡಿಲಲ್ಲಿ' ಅಂತಿತ್ತು. ಒಂದಕ್ಕೆ 'ವಾರಾಂತ್ಯದ ಮೋಜು'. ಕೊನೆಯದರಲ್ಲಿ ಐದು ಜನ, ಎರಡು ನಾಯಿ, ಹಿಂದೆ ಒಂದು ಗುಡ್ಡ. ಕುಂದಾದ್ರಿಯೋ, ಕವಲೇದುರ್ಗವೋ, ಕನ್ನಡಕ ಒರೆಸಿಕೊಂಡು ನೋಡಿದರೂ ಗೊತ್ತಾಗಲಿಲ್ಲ. ಅಡಿಬರಹ ನೋಡಿದರೆ 'ಖುಷಿಯ ಕ್ಷಣ'. ಖುಷಿಯಾಗಿದ್ದಾರೆ ಅನ್ನೋದು ಮುಖ ನೋಡಿದರೇ ತಿಳಿಯುತ್ತದಲ್ವಾ? ಎಲ್ಲಿ, ಯಾವಾಗ, ಯಾರು ಅನ್ನೋದು ಮಾತ್ರ ಮುಖದ ಮೇಲೆ ಬರೆದಿರುವುದಿಲ್ಲ.

ನಮ್ಮಪ್ಪ ತೀರ್ಥಹಳ್ಳಿಯಲ್ಲಿ ಅಂಚೆ ಗುಮಾಸ್ತರಾಗಿದ್ದರು. 1976ರಲ್ಲಿ ಅಣ್ಣ ಎಲ್ಲಿಂದಲೋ ಒಂದು ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ತಂದ. ಒಂದು ರೋಲಿಗೆ ಹನ್ನೆರಡೇ ಫೋಟೊ. "ಸುಮ್ನೆ ಫಿಲಂ ದಂಡ ಮಾಡ್ಬೇಡಿ" ಅಂತ ಅಪ್ಪ ಬೈಯುತ್ತಲೇ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ರೋಲು ಮುಗಿಯಲು ಕೆಲವು ಸಲ ನಾಲ್ಕು ತಿಂಗಳು ಹಿಡಿಯುತ್ತಿತ್ತು. ಮಳೆಗಾಲದಲ್ಲಿ ಹೊಡೆದ ಫೋಟೊ ದೀಪಾವಳಿಗೆ ಕೈಗೆ ಬರುತ್ತಿತ್ತು. ಬಂದ ದಿನವೇ ಅಪ್ಪ ಇಂಕ್ ಪೆನ್ನು ಹಿಡಿದು ಕೂತು ಪ್ರತಿ ಪ್ರಿಂಟಿನ ಬೆನ್ನಿಗೆ ಬರೆಯುತ್ತಿದ್ದರು. ಊರು, ತಾರೀಖು, ಎಡದಿಂದ ಯಾರ್ಯಾರು. ಕೊನೆಯಲ್ಲಿ 'ನಾಯಿ: ಟಾಮಿ'. ಯಾಕಪ್ಪಾ ಇಷ್ಟೆಲ್ಲ ಅಂದರೆ, "ವಿಳಾಸ ಇಲ್ಲದ ಕಾಗದದ ಗತಿ ಏನಾಗುತ್ತೆ ಅಂತ ನಾನು ದಿನಾ ನೋಡ್ತೀನಿ" ಅನ್ನುತ್ತಿದ್ದರು.

ಆ ಫೋಟೊಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಜೋಗದ್ದು. ಆಗಸ್ಟ್ ತಿಂಗಳ ಭಾನುವಾರ. ಮೂರು ಕೊಡೆ, ಅಮ್ಮನ ಅರ್ಧ ಮುಖ, ಟಾಮಿಯ ಬಾಲ. ಹಿಂದೆ ಬರೀ ಬಿಳಿ. 830 ಅಡಿ ಎತ್ತರದಿಂದ ಬೀಳುವ ನೀರು ಒಂದು ಗೆರೆಯಷ್ಟೂ ಕಾಣುವುದಿಲ್ಲ. ಬೆನ್ನಿಗೆ ಅಪ್ಪ ಬರೆದದ್ದು: 'ಜೋಗ. ಮಂಜಿನ ಹಿಂದೆ ಇದೆ.' ಆ ನಾಲ್ಕು ಪದ ಇಲ್ಲದಿದ್ದರೆ ಫೋಟೊ ಹಾಳಾಗಿದೆ ಅಂತ ಯಾರೋ ಯಾವಾಗಲೋ ಬಿಸಾಕುತ್ತಿದ್ದರು.

ಅಪ್ಪ ಹೋದ ಮೇಲೆ ಬೆನ್ನಿಗೆ ಬರೆಯುವವರು ಯಾರೂ ಇಲ್ಲದಂತಾಯಿತು. ಈಗ ನಾವು ನಾಯಿ ನೋಡಿ ವರ್ಷ ಹೇಳುತ್ತೇವೆ. ಟಾಮಿ ಇದ್ದರೆ 1985ರ ಒಳಗಿನದು. ರಾಜ ಇದ್ದರೆ ನನ್ನ ಮದುವೆ ಆಸುಪಾಸು. ಕರಿಯ ಇದ್ದರೆ 2006ರಿಂದ 2019. ಚುಕ್ಕಿ ಬಂದದ್ದು ಆಮೇಲೆ. ಚುಕ್ಕಿಯ ಫೋಟೊದಲ್ಲಿ ತಿಂಗಳನ್ನೂ ಅಂದಾಜು ಮಾಡಬಹುದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಮಂಗನ ಕಾಯಿಲೆಯಿಂದ ಜನ ಸತ್ತಾಗ ನಾವೆಲ್ಲ ಹೆದರಿದೆವು. ಸೊರಬದ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆ ಪತ್ತೆಯಾದದ್ದು 1957ರಲ್ಲಿ. ಚಿಕ್ಕಂದಿನಿಂದ ಕೇಳುತ್ತಲೇ ಇದ್ದೆವು, ಆದರೆ ನೆಂಟರ ಊರಿನ ಪಕ್ಕಕ್ಕೇ ಬಂದಾಗ ಬೇರೆ. ತರಗೆಲೆಯಲ್ಲಿ ಓಡಾಡಿದ ನಾಯಿ ಈ ಕಾಯಿಲೆ ಹರಡುವ ಉಣುಗನ್ನು ಮೈಗೆ ಹತ್ತಿಸಿಕೊಂಡು ಮನೆಗೆ ಬರುತ್ತದೆ. ಹಾಗಾಗಿ ಡಿಸೆಂಬರ್ ಬಂತೆಂದರೆ ಮಳೆ ಹಿಡಿಯುವವರೆಗೆ ಚುಕ್ಕಿಗೆ ಕಾಡಿನ ಕಡೆ ಪ್ರವೇಶವಿಲ್ಲ. ಆ ತಿಂಗಳುಗಳಲ್ಲಿ ಅವಳದ್ದು ಮನೆ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡ ಫೋಟೊಗಳೇ. ನಿಮ್ಮ ಪುಟಕ್ಕೆ ಫೆಬ್ರವರಿಯಲ್ಲಿ ಕಾಡಿನಲ್ಲಿ ತೆಗೆದ ನಾಯಿ ಫೋಟೊ ಕಳಿಸುವವರು ಇದನ್ನೊಂದು ಗಮನದಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಇಷ್ಟೆಲ್ಲ ಹೇಳಲು ಕಾರಣವಾದದ್ದು ಸಿಗಂದೂರಿನ ಲಾಂಚು, ಅಂದರೆ ಜನ, ವಾಹನ ಎರಡನ್ನೂ ಹಿನ್ನೀರು ದಾಟಿಸುತ್ತಿದ್ದ ದೊಡ್ಡ ದೋಣಿ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ತುಮರಿ ಕಡೆಯವರು ಲಿಂಗನಮಕ್ಕಿಯ ಹಿನ್ನೀರು ದಾಟಲು ಪಟ್ಟ ಪಾಡು ಒಂದೆರಡಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸಲು ಬಿಡುತ್ತಿರಲಿಲ್ಲ. ರಾತ್ರಿ ಹೆರಿಗೆ ನೋವು ಬಂದರೆ ದೇವರೇ ಗತಿ. ನನ್ನ ಅತ್ತಿಗೆಯ ತವರು ಅಲ್ಲಿಯೇ. ಸೇತುವೆ ಆಯಿತು ಅಂತ ಅವರು ಸಿಹಿ ಹಂಚಿದರು. ಅದೇ ಸಂಜೆ ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಅತ್ತಿಗೆಯೇ ಕೇಳಿದರು, "ನಮ್ಮ ಲಾಂಚಿನ ಫೋಟೊ ಯಾರ ಹತ್ರ ಇದೆ?"

ಎಲ್ಲರೂ ಹುಡುಕಿದೆವು. ಅಷ್ಟು ವರ್ಷದಲ್ಲಿ ನಾವು ಅದನ್ನು ಎಷ್ಟು ಸಲ ದಾಟಿದ್ದೇವೋ. ನೂರಾರು ಫೋಟೊ ಸಿಕ್ಕವು. ಎಲ್ಲದರಲ್ಲೂ ನಮ್ಮದೇ ಮುಖ, ಹಿಂದೆ ನೀರು. ಯಾವ ಕೆರೆಯ ದಂಡೆ ಅಂದರೂ ನಡೆಯುತ್ತದೆ. ಲಾಂಚು ಅಂತ ಕಂಡದ್ದು ಒಂದೇ ಒಂದರಲ್ಲಿ. ಅದೂ ಕರಿಯನ ಹಟದಿಂದ. ಕಬ್ಬಿಣದ ಹಲಗೆ ಧಡಾರ್ ಅಂತ ಬಿದ್ದದ್ದೇ ಅವನು ನಾಲ್ಕೂ ಕಾಲು ಊರಿ ನಿಂತುಬಿಟ್ಟ. ಭಾವ ಹಗ್ಗ ಎಳೆಯುತ್ತಿದ್ದಾರೆ, ತಮ್ಮನ ಮಗ ನಗುತ್ತಾ ಮೊಬೈಲು ಒತ್ತಿದ್ದಾನೆ. ಫೋಟೊ ಓರೆಯಾಗಿದೆ, ಭಾವನ ತಲೆ ತುಂಡಾಗಿದೆ. ಆದರೆ ಉಳಿದದ್ದೆಲ್ಲ ಅದರಲ್ಲಿದೆ. ತುಕ್ಕು ಹಿಡಿದ ಹಲಗೆ, ಹತ್ತಲು ಕಾದ ಎರಡು ಜೀಪು, ಒಂದು ಬಸ್ಸಿನ ಮೂತಿ, ಟಿಕೆಟ್ ಹರಿಯುವವರ ಕೈ, ತಲೆ ಮೇಲೆ ಬಾಳೆಗೊನೆ ಹೊತ್ತ ಹೆಂಗಸು. ಚೆನ್ನಾಗಿ ಬಂದಿಲ್ಲ ಅಂತ ಆವತ್ತು ಅವನು ಯಾರಿಗೂ ಕಳಿಸಿರಲಿಲ್ಲವಂತೆ!

ಯಾವ ವರ್ಷದ್ದು ಅಂತ ಚರ್ಚೆ ನಡೆಯಿತು. ಕರಿಯ ಇದ್ದಾನೆ, ಮೂತಿ ನೆರೆತಿದೆ, ಹಾಗಾದರೆ 2017ರ ಡಿಸೆಂಬರ್ ಅಂತ ತೀರ್ಮಾನ ಮಾಡಿದೆವು. ಮೊಬೈಲಿನಲ್ಲಿ ತಾರೀಖು ಇರುತ್ತಲ್ಲ ಅನ್ನಬಹುದು ನೀವು. ನಾನೂ ಹಾಗೇ ಅಂದುಕೊಂಡಿದ್ದೆ. ವಾಟ್ಸ್ಯಾಪಿನಲ್ಲಿ ಫೋಟೊ ಅಂತ ಕಳಿಸಿದರೆ ತೆಗೆದ ಜಾಗ, ತೆಗೆದ ಹೊತ್ತಿನ ವಿವರ ಅಳಿಸಿಹೋಗುತ್ತದೆ, ಹೆಸರಿನಲ್ಲಿ ಕಾಣುವ ತಾರೀಖು ತೆಗೆದ ದಿನದ್ದಲ್ಲ ಅಂತ ತಮ್ಮನ ಮಗ ವಿವರಿಸಿದ. ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತದಂತೆ. ಅವನ ಹಳೆಯ ಮೊಬೈಲು ತುಂಗಾ ಹೊಳೆ ಪಾಲಾಗಿ ಎಷ್ಟೋ ಕಾಲವಾಯಿತು.

ಅದಕ್ಕೇ ಕೇಳುತ್ತಿದ್ದೇನೆ. ಫೋಟೊ ಕಳಿಸುವವರಿಂದ ಊರು, ತಾರೀಖು, ಎಡದಿಂದ ಯಾರ್ಯಾರು ಅಂತ ಬರೆಸಿಕೊಳ್ಳಿ. ಮಕ್ಕಳ ಹೆಸರು ಬೇಡ ಅನ್ನುವವರು ಬಿಡಲಿ, ಅದು ಅವರಿಷ್ಟ. ನೀವು ಚೆಂದದ ಸೂರ್ಯಾಸ್ತಗಳನ್ನು ಮಾತ್ರ ಆರಿಸುವುದನ್ನೂ ಸ್ವಲ್ಪ ಕಮ್ಮಿ ಮಾಡಿ. ಆಗುಂಬೆಯ ಸೂರ್ಯಾಸ್ತ ನಿಮ್ಮ ಪುಟದಲ್ಲಿ ಈಗಾಗಲೇ ಜಾಸ್ತಿಯಾಗಿದೆ. ಅಲ್ಲಿಗೆ ಹೋದವರು ಘಾಟಿಯ ತಿರುವಿನಲ್ಲಿ ಬಸ್ಸಿಗೆ ದಾರಿ ಬಿಟ್ಟು ನಿಂತದ್ದು, ನೆಂಟರ ಹುಡುಗನ ಕೈಯ ತಿಂಡಿಯನ್ನು ಮಂಗ ಕಿತ್ತುಕೊಂಡದ್ದು ಇದ್ದರೆ ಅದನ್ನು ಹಾಕಿ.

ಈ ಪತ್ರದ ಜೊತೆ ಒಂದು ಫೋಟೊ ಇಟ್ಟಿದ್ದೇನೆ. ಬೆನ್ನಿಗೆ ವಿವರ ಬರೆದಿದ್ದೇನೆ: 'ಕೂಡ್ಲಿ, ತುಂಗಾ ಭದ್ರಾ ಸೇರುವ ಜಾಗ. ಅಕ್ಟೋಬರ್, ಭಾನುವಾರ ಬೆಳಿಗ್ಗೆ. ಎಡದಿಂದ ಅತ್ತಿಗೆ, ತಮ್ಮನ ಮಗ, ಅವನ ಇಬ್ಬರು ಸ್ನೇಹಿತರು, ನಾನು. ಮಸುಕಾಗಿ ಓಡುತ್ತಿರುವುದು ಚುಕ್ಕಿ. ಬುತ್ತಿ ಅವಳ ಬಾಯಲ್ಲಿದೆ.' ಹಾಕುವುದಾದರೆ ವಿವರ ಪೂರ್ತಿ ಹಾಕಿ. ಜಾಗ ಸಾಲದಿದ್ದರೆ ನಮ್ಮನ್ನೆಲ್ಲ ಬಿಡಿ, ಚುಕ್ಕಿಯ ಹೆಸರು ಬಿಡಬೇಡಿ.

– ನಿವೃತ್ತ ಶಿಕ್ಷಕಿ, ವಿನೋಬನಗರ, ಶಿವಮೊಗ್ಗ