ಆರು ವರ್ಷ, ಏಳು ವರ್ಷ ಕೂಡಿದ್ದರೆ

ಮಾನ್ಯರೇ,

ನನಗೀಗ ಅರವತ್ತು ದಾಟಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಶುರು ಮಾಡಿದಾಗ ಹದಿನಾಲ್ಕು. ಕಾದ ಮರಳಿನ ಎದುರು ನಿಂತರೆ ಮುಖ ಸುಡುತ್ತಿತ್ತು. ಆಮೇಲೆ ಪ್ರಿಂಟಿಂಗ್ ಪ್ರೆಸ್. ನನಗೆ ಜಾಸ್ತಿ ಇಷ್ಟವಾಗಿದ್ದು ಅದೇ ಕೆಲಸ. ಮೊಳೆ ಜೋಡಿಸುವಾಗ ಅಕ್ಷರಗಳನ್ನು ತಿರುಗುಮುರುಗಾಗಿ ಓದಬೇಕು, ಒತ್ತಕ್ಷರಕ್ಕೆ ಬೇರೆ ಮೊಳೆ ಹುಡುಕಬೇಕು, ಅವಸರದಲ್ಲಿ ಒಂದು ಒತ್ತು ಬಿಟ್ಟುಹೋದರೆ ಮದುವೆ ಕಾರ್ಡಿನಲ್ಲಿ ಹುಡುಗನ ಹೆಸರೇ ಬದಲಾಗುತ್ತಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಕನ್ನಡ ಸರಿಯಾಗಿ ಕಲಿತದ್ದು ಅಲ್ಲೇ.

ಕಂಪ್ಯೂಟರ್ ಬಂತು, ಪ್ರೆಸ್ ಮುಚ್ಚಿತು. 1998ರಿಂದ ಆರು ವರ್ಷ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಪ್ಯಾಕಿಂಗ್, ನಂತರ ಸ್ವಲ್ಪ ದಿನ ಎಸ್‌ಟಿಡಿ ಬೂತ್, ಕೊನೆಗೆ ಏಳು ವರ್ಷ ಸೆಕ್ಯುರಿಟಿ ಗಾರ್ಡ್.

ಬರೆಯಲು ಕಾರಣ ಇದು. ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಗಾರ್ಮೆಂಟ್ಸ್ ಬಿಟ್ಟಾಗ ಮಗಳ ಫೀಸಿಗೆಂದು ಪಿಂಚಣಿ ಪಾಲನ್ನೂ ಸೇರಿಸಿ ಎಲ್ಲ ಹಣ ತೆಗೆದುಬಿಟ್ಟೆ. ಅಲ್ಲಿಗೆ ಆ ಆರು ವರ್ಷ ಲೆಕ್ಕದಿಂದ ಹೋಯಿತು. ಹಣ ತೆಗೆಯುವ ಬದಲು ಸ್ಕೀಮ್ ಸರ್ಟಿಫಿಕೇಟ್ ಪಡೆದು ಸೇವೆಯನ್ನು ಮುಂದಿನ ಕೆಲಸಕ್ಕೆ ಸೇರಿಸಬಹುದಿತ್ತು ಎಂದು ಆಗ ಯಾರೂ ಹೇಳಲಿಲ್ಲ. ಹೇಳಿದ್ದರೆ ಹದಿಮೂರು ವರ್ಷ ಆಗುತ್ತಿತ್ತು, ಅಲ್ವಾ? ಈಗ ಕನಿಷ್ಠ ಪಿಂಚಣಿಯಾದ ಸಾವಿರ ರೂಪಾಯಿಯೂ ಇಲ್ಲ.

ಕೆಲಸ ಬಿಡುವವರಿಗೆ ಈ ವಿಷಯವನ್ನು ಕನ್ನಡದಲ್ಲಿ ಒಂದು ಚೀಟಿ ಬರೆದು ಕೊಡುವುದನ್ನು ಕಡ್ಡಾಯ ಮಾಡಿ ಎಂದು ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇನೆ.

– ಓದುಗ, ದಾವಣಗೆರೆ