ಊಟದ ಗಾಡಿ ಎಲ್ಲಿ ನಿಲ್ಲಬೇಕು? ಬರೆದುಕೊಡಿ

ಮಾನ್ಯ ಸಂಪಾದಕರೇ,

ಶಿವಮೊಗ್ಗದಲ್ಲಿ ಸಂಜೆಯ ತಿಂಡಿ ಅಂದರೆ ಮೊದಲು ತಳ್ಳುಗಾಡಿ. ಈಗ ಟಾಟಾ ಏಸ್, ಓಮ್ನಿ ವ್ಯಾನುಗಳನ್ನೇ ಅಡುಗೆಮನೆ ಮಾಡಿಕೊಂಡವರೂ ಬಂದಿದ್ದಾರೆ. ನಾನು ಸಣ್ಣದೊಂದು ಸೈಬರ್ ಸೆಂಟರ್ ನಡೆಸುತ್ತೇನೆ. ಇಂಥವರಲ್ಲಿ ಕೆಲವರ ಅರ್ಜಿ ತುಂಬಿಕೊಡುತ್ತೇನೆ. ಅದಕ್ಕೇ ಈ ಪತ್ರ.

ಅನುಮತಿ ಇಲ್ಲದೆ ಗಾಡಿ ಹಾಕಿದ್ದಾರೆ ಅಂತ ಇವರನ್ನು ಬೈಯುವವರು ಬಹಳ. ಆದರೆ ಅನುಮತಿ ಅಂದರೆ ಯಾವುದು? ಆಹಾರ ಸುರಕ್ಷತೆಯ ನೋಂದಣಿ ಸುಲಭ. ಆನ್‌ಲೈನ್‌ನಲ್ಲೇ ಆಗುತ್ತದೆ. 2011ರ ನಿಯಮಗಳು ಸಣ್ಣ ವ್ಯಾಪಾರಿಗೆ ಇಟ್ಟ ಶುಲ್ಕ ವರ್ಷಕ್ಕೆ ಬರೀ 100 ರೂಪಾಯಿ. ಗಾಡಿಯ ಬಾಡಿ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಅದು ನಮೂದಾಗಬೇಕು. ಇಲ್ಲದಿದ್ದರೆ ಅಪಘಾತವಾದ ದಿನ ವಿಮೆಯವರು ತಕರಾರು ತೆಗೆಯುತ್ತಾರೆ. ಗ್ಯಾಸ್ 19 ಕೆಜಿಯ ವಾಣಿಜ್ಯ ಸಿಲಿಂಡರ್ ಆಗಿರಬೇಕು. ಮನೆಯ 14.2 ಕೆಜಿ ಸಿಲಿಂಡರ್ ಇಟ್ಟುಕೊಂಡವರೂ ಇದ್ದಾರೆ, ನೋಡುವವರಿಗೆ ಕಾಣುತ್ತದೆ. ಅದನ್ನು ನಾನು ಸಮರ್ಥಿಸುವುದಿಲ್ಲ.

ಇಷ್ಟೆಲ್ಲ ಸರಿ ಮಾಡಿಕೊಂಡರೂ ಗಾಡಿ ನಿಲ್ಲಿಸೋದೆಲ್ಲಿ ಅನ್ನೋದು ಯಾವ ಕಾಗದದಲ್ಲೂ ಇಲ್ಲ. ಒಂದು ಕಚೇರಿಯಲ್ಲಿ ಕೇಳಿದರೆ ಇನ್ನೊಂದರ ಕಡೆ ಕೈ ತೋರಿಸುತ್ತಾರೆ. ಕೊನೆಗೆ ಗಾಡಿಯವನು ಧೈರ್ಯ ಇದ್ದ ಕಡೆ ನಿಲ್ಲಿಸುತ್ತಾನೆ. ಯಾರೋ ಬಂದು ತೆಗೆ ಅಂದಾಗ ಹೊರಡುತ್ತಾನೆ. ಬಾಣಲೆಯಲ್ಲಿ ಎಣ್ಣೆ ಕುದಿಯುತ್ತಿರುವಾಗ ಗಾಡಿ ಓಡಿಸೋದು ಎಷ್ಟು ಅಪಾಯ ಅಲ್ವಾ?

ಬೀದಿ ವ್ಯಾಪಾರಿಗಳಿಗೆ 2014ರ ಕೇಂದ್ರ ಕಾಯ್ದೆ ಇದೆ. ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಓಡಾಡಿಕೊಂಡು ಮಾರುವವರೂ ಈ ಕಾಯ್ದೆಯಲ್ಲಿ ಸೇರಿದ್ದಾರೆ.

ತೊಡಕಿರುವುದು ಷರತ್ತುಗಳಲ್ಲಿ. ಪ್ರಮಾಣಪತ್ರ ಪಡೆದವನು ತಾನೇ ವ್ಯಾಪಾರ ಮಾಡಬೇಕು, ಇಲ್ಲವೇ ಮನೆಯವರು ಮಾಡಬೇಕು. ಬೇರೆ ಜೀವನೋಪಾಯ ಇರಬಾರದು. ಅದನ್ನು ಬಾಡಿಗೆಗೆ ಕೊಡುವಂತಿಲ್ಲ. ಬುಟ್ಟಿ ಹೊತ್ತವರನ್ನು, ಗಾಡಿ ತಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಷರತ್ತುಗಳಿವು, ಸರಿಯಾಗಿಯೇ ಇವೆ. ಆದರೆ ಬ್ಯಾಂಕ್ ಸಾಲದಲ್ಲಿ ವ್ಯಾನ್ ಕೊಂಡು, ಇಬ್ಬರು ಹುಡುಗರನ್ನು ಸಂಬಳಕ್ಕಿಟ್ಟುಕೊಂಡು, ಹಗಲು ಸ್ವಲ್ಪ ಅಡಿಕೆ ತೋಟವನ್ನೂ ನೋಡಿಕೊಳ್ಳುವವನು ಯಾರು? ಬೀದಿ ವ್ಯಾಪಾರಿಯೋ, ಹೋಟೆಲ್ ಮಾಲೀಕನೋ? ನಮ್ಮ ಕಡೆ ಇಂಥವರು ಕಡಿಮೆಯೇನಿಲ್ಲ.

ಊರು ದಾಟಿದರೆ ಇನ್ನೊಂದು ಗೊಂದಲ. ಆಗುಂಬೆ ಕಡೆ ಗಾಡಿ ಹಾಕುವವನಿಗೆ ಈ ಕಾಯ್ದೆಯ ಆಸರೆಯೇ ಇಲ್ಲ, ಅದು ಪಟ್ಟಣಗಳಿಗೆ ಮಾತ್ರ. ಅಲ್ಲಿ ಗ್ರಾಮ ಪಂಚಾಯಿತಿಯನ್ನು ಕೇಳಬೇಕು. ರಸ್ತೆ ನೋಡಿದರೆ ರಾಷ್ಟ್ರೀಯ ಹೆದ್ದಾರಿ 169ಎ. ಪಕ್ಕದಲ್ಲೇ ಕಾಡು, ಅಲ್ಲಿ ಅರಣ್ಯ ಇಲಾಖೆಯ ಮಾತು.

ಹೋಟೆಲಿನವರ ಸಿಟ್ಟು ಸುಳ್ಳಲ್ಲ. ಅವರು ಬಾಡಿಗೆ, ತೆರಿಗೆ ಕಟ್ಟುತ್ತಾರೆ, ಎದುರಿಗೇ ಗಾಡಿ ಬಂದು ನಿಂತರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಫುಟ್‌ಪಾತ್ ಬಿಟ್ಟು ರಸ್ತೆಗಿಳಿದು ನಡೆಯಬೇಕಾದ ಹಿರಿಯರ ಮಾತೂ ನ್ಯಾಯವೇ. ಮುಸುರೆ ನೀರು ಚರಂಡಿಗೆ ಸುರಿಯುವವರಿಗೆ ದಂಡ ಹಾಕಲಿ, ನನ್ನದೇನೂ ಅಡ್ಡಿಯಿಲ್ಲ. ಮನಸ್ಸು ಮಾಡಿದರೆ ನಿಯಮ ಎಲ್ಲರಿಗೂ ತಿಳಿಯುತ್ತದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ರಾಜ್ಯ ಸರ್ಕಾರ ಹೇಳಿದ ಸುದ್ದಿ ನಮ್ಮ ಬೀದಿಯ ಮಕ್ಕಳ ಬಾಯಲ್ಲೂ ಇತ್ತು.

ನಮ್ಮ ಮಹಾನಗರ ಪಾಲಿಕೆಯನ್ನು ಕೇಳುವುದಿಷ್ಟೇ. ವ್ಯಾಪಾರ ಸಮಿತಿ, ಸಂಚಾರ ಪೊಲೀಸರು, ಆರ್‌ಟಿಒ ಒಟ್ಟಿಗೆ ಕೂತು ವ್ಯಾನುಗಳಿಗೆ ಬೇರೆಯೇ ಒಂದು ಅನುಮತಿಪತ್ರ ಮಾಡಲಿ. ನಿಲ್ಲುವ ಜಾಗ, ಸಮಯ, ಶುಲ್ಕ, ಕಸ ಎಲ್ಲಿಗೆ ಹಾಕಬೇಕು ಅನ್ನೋದು ಅದರಲ್ಲೇ ಇರಲಿ. ಗಾಡಿಯ ಗಾಜಿಗೆ ಅಂಟಿಸಿದರೆ ಗಿರಾಕಿಯೂ ಓದಬಹುದು. ಶುಲ್ಕ ಸ್ವಲ್ಪ ಜಾಸ್ತಿ ಇಟ್ಟರೂ ಕೊಡುತ್ತಾರೆ, ನನ್ನ ಅಂಗಡಿಗೆ ಬರುವವರು ಹಾಗಂತಲೇ ಹೇಳುತ್ತಾರೆ. ಜಾಗ ಗುರುತಿಸುವ ಕೆಲಸ ಮಾತ್ರ ಮಳೆಗಾಲಕ್ಕೆ ಮೊದಲೇ ಆಗಲಿ. ಜೂನ್ ಬಂದ ಮೇಲೆ ರಸ್ತೆಯ ಅಂಚು ಯಾವುದು, ಚರಂಡಿ ಯಾವುದು ಅಂತ ಗೊತ್ತಾಗುವುದಿಲ್ಲ.

ಇಂತಿ,
ಒಬ್ಬ ಓದುಗ
ವಿನೋಬನಗರ, ಶಿವಮೊಗ್ಗ